ನಾಲ್ಕನೇ ಹಾಸಿಗೆಯ ಪಕ್ಕದ ಸಿಂಕು

ಸೋಂಕು ನಿಯಂತ್ರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ, ನಾಲ್ಕನೇ ಹಾಸಿಗೆಯ ತಲೆದಿಂಬಿನಿಂದ ಎರಡು ಮೊಳ ದೂರದಲ್ಲಿ, ಕೈ ತೊಳೆಯುವ ಸಿಂಕು ಒಂದಿದೆ. ಅದರ ಕೊಳವೆಯೊಳಗೆ ನಮ್ಮಲ್ಲಿರುವ ಬಹುತೇಕ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಬೀಡುಬಿಟ್ಟಿದೆ, ಅಲ್ಲಿಂದ ರೋಗಿಗಳ ರಕ್ತ ಸೇರುತ್ತಿದೆ ಎಂದು ಹದಿನಾಲ್ಕು ತಿಂಗಳ ಹಿಂದೆ ತಮಗೆ ಲಿಖಿತ ವರದಿ ಕೊಟ್ಟೆವು. ತಾವು ಅದನ್ನು ಓದಿದಿರಿ. ಓದಿದ್ದಕ್ಕೆ ಪುರಾವೆಯಾಗಿ ಪ್ರತಿ ಪುಟದ ಕೆಳಗೂ ತಮ್ಮ ಚಿಕ್ಕ ಸಹಿ ಇದೆ. ಸಿಂಕು ಇವತ್ತೂ ಅಲ್ಲೇ ಇದೆ. ಹಾಸಿಗೆಯೂ ಅಲ್ಲೇ ಇದೆ. ಬದಲಾಗುತ್ತಿರುವುದು ಅದರ ಮೇಲೆ ಮಲಗುವವರು ಮಾತ್ರ.

ನಾನು ತಮಗೆ ಅಪರಿಚಿತಳೇನಲ್ಲ. ಮುಖ ನೆನಪಿರಲಿಕ್ಕಿಲ್ಲ, ಕೈಬರಹ ನೆನಪಿರಬಹುದು. ನೆಲಮಾಳಿಗೆಯ ಕಲ್ಚರ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ರೋಗಿಯ ರಕ್ತ, ಮೂತ್ರ, ಕೀವು ನನ್ನ ಮೇಜಿಗೆ ಬರುತ್ತವೆ. ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ದಿನ ಬಿಡುತ್ತೇನೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು ಖಾಲಿ ಉಂಗುರ ಬೀಳುತ್ತದೆ. ಮಾಡದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಹುಲ್ಲಿನಂತೆ ಬೆಳೆದುಕೊಂಡಿರುತ್ತದೆ. ನಾನು ಕೆಲಸಕ್ಕೆ ಸೇರಿದಾಗ ತಟ್ಟೆಯ ತುಂಬ ಉಂಗುರಗಳಿರುತ್ತಿದ್ದವು. ಈಗ ಒಂದು ಉಂಗುರ ಕಂಡರೆ ಪಕ್ಕದ ಮೇಜಿನವರನ್ನು ಕರೆದು ತೋರಿಸುತ್ತೇನೆ.

ಹೀಗೇಕಾಯಿತು ಎಂದು ಪತ್ತೆ ಮಾಡಲು ನಮ್ಮ ವಿಭಾಗದ ಡಾಕ್ಟರಮ್ಮ ಒಂದು ಸಂಶೋಧನೆ ಕೈಗೆತ್ತಿಕೊಂಡರು. ಆರು ತಿಂಗಳು ನಾನು ಹತ್ತಿಕಡ್ಡಿಗಳ ಡಬ್ಬಿ ಹಿಡಿದು ಐಸಿಯುವಿನ ಮೂಲೆ ಮೂಲೆ ಉಜ್ಜಿದೆ. ಮಂಚದ ಕಂಬಿ, ಮಾನಿಟರಿನ ಗುಂಡಿ, ಸ್ಟೆತೊಸ್ಕೋಪ್, ಸಿಸ್ಟರುಗಳ ಕೈ, ದೊಡ್ಡ ಡಾಕ್ಟರುಗಳ ಕೈ (ಇದಕ್ಕೆ ಒಪ್ಪಿಸುವುದೇ ಒಂದು ಪ್ರತ್ಯೇಕ ಸಂಶೋಧನೆಯಾಗಿತ್ತು), ನಲ್ಲಿ, ಸಿಂಕು. ಬೇರೆ ಕಡೆ ಬ್ಯಾಕ್ಟೀರಿಯಾ ಬಂದು ಹೋಗುತ್ತಿತ್ತು. ನಾಲ್ಕನೇ ಹಾಸಿಗೆಯ ಸಿಂಕಿನಲ್ಲಿ ಮಾತ್ರ ಅದು ವಾಸವಾಗಿತ್ತು. ಆರರಲ್ಲಿ ಐದು ತಿಂಗಳು ಸಿಕ್ಕಿತು. ಅದೇ ಅವಧಿಯಲ್ಲಿ ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಹೊಕ್ಕ ರೋಗಿಗಳು ಹದಿನೇಳು. ಅವರಲ್ಲಿ ಹನ್ನೊಂದು ಜನ ಆ ಹಾಸಿಗೆಯಲ್ಲೋ ಅದರ ಎಡಬಲದಲ್ಲೋ ಮಲಗಿದ್ದವರು. ಇದರಲ್ಲಿ ಸಿಸ್ಟರುಗಳದ್ದೇನು ತಪ್ಪು? ಉಳಿದ ಡ್ರಿಪ್ಪು, ಕೊಳವೆಯಲ್ಲಿ ಕೊಡುವ ಹಾಲು, ರೋಗಿಯ ಮೈ ಒರೆಸಿದ ನೀರು ಎಲ್ಲವನ್ನೂ ಸುರಿಯಲು ಅವರಿಗಿರುವುದು ಅದೊಂದೇ ಸಿಂಕು. ಕೊಳವೆಯೊಳಗಿನ ಜೀವಿಗೆ ಹೊತ್ತು ಹೊತ್ತಿಗೆ ಊಟ. ಇಂಜೆಕ್ಷನ್ ಸಿದ್ಧಪಡಿಸುವ ಕಟ್ಟೆಯೂ ಅದಕ್ಕೆ ಅಂಟಿಕೊಂಡೇ ಇದೆ.

ವರದಿ ಮಂಡಿಸುವ ದಿನ ಡಾಕ್ಟರಮ್ಮ ತಟ್ಟೆಗಳನ್ನು ಹಿಡಿದುಕೊಂಡು ಬರಲು ನನ್ನನ್ನೂ ಕರೆದೊಯ್ದಿದ್ದರು. ತಮ್ಮ ಸಭಾಕೊಠಡಿಯಲ್ಲಿ ನಾನು ಗೋಡೆಗೊರಗಿ ನಿಂತಿದ್ದೆ. ಡಾಕ್ಟರಮ್ಮ ಕೇಳಿದ್ದು ಇಷ್ಟೇ: ಆ ಸಿಂಕನ್ನು ಮುಚ್ಚಿ, ಕೊಳವೆ ಬದಲಿಸಿ, ಔಷಧದ ಕಟ್ಟೆಯನ್ನು ದೂರ ಸರಿಸಿ, ತಿಂಗಳಿಗೊಮ್ಮೆ ಮಾದರಿ ತೆಗೆಯಲು ಬಿಡಿ. ತಾವು ತಟ್ಟೆಯನ್ನು ಮುಟ್ಟದೆ ದೂರದಿಂದಲೇ ನೋಡಿ ಅಂದಿರಿ: “ಹುಡುಕಿದ್ರೆ ಎಲ್ಲಾ ಕಡೆ ಸಿಗುತ್ತೆ ಡಾಕ್ಟ್ರೇ. ನಿಮ್ಮನೆ ಸಿಂಕಲ್ಲಿ ಹುಡುಕಿ, ಅಲ್ಲೂ ಸಿಗುತ್ತೆ.”

ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ನಾನು ಹಿರಿಯರ ಮಾತನ್ನು ತಳ್ಳಿಹಾಕುವವಳಲ್ಲ. ಮರುದಿನ ನಮ್ಮನೆಯ ಅಡುಗೆಮನೆ ಸಿಂಕಿನ ಕೊಳವೆಯನ್ನು ಹತ್ತಿಕಡ್ಡಿಯಿಂದ ಉಜ್ಜಿ ತಂದು ತಟ್ಟೆಯಲ್ಲಿ ಬೆಳೆಸಿದೆ. ತಮ್ಮ ಮಾತು ನಿಜವಾಯಿತು, ಬ್ಯಾಕ್ಟೀರಿಯಾ ಸಿಕ್ಕಿತು. ಆದರೆ ಒಂದೊಂದು ಬಿಲ್ಲೆಯ ಸುತ್ತಲೂ ಇಷ್ಟಗಲ ಉಂಗುರ. ಯಾವ ಔಷಧ ಕೊಟ್ಟರೂ ಸಾಯುವ ಬಡಪಾಯಿಗಳು. ನಮ್ಮ ಮನೆಯಲ್ಲಿ ಯಾರೂ ಹೊಟ್ಟೆ ಕೊಯ್ಸಿಕೊಂಡು, ಕತ್ತಿನ ರಕ್ತನಾಳಕ್ಕೆ ಕೊಳವೆ ಚುಚ್ಚಿಸಿಕೊಂಡು ಸಿಂಕಿನ ಪಕ್ಕ ಮಲಗುವುದಿಲ್ಲ ಎಂಬ ಸಣ್ಣ ವ್ಯತ್ಯಾಸವೂ ಇತ್ತು. ಆ ತಟ್ಟೆಯನ್ನು ತಮ್ಮ ಕಚೇರಿಗೆ ಕಳಿಸಿಕೊಟ್ಟೆ. ಉತ್ತರವಾಗಿ ಸುತ್ತೋಲೆ ಬಂತು.

ಆ ಸುತ್ತೋಲೆ ನನಗೆ ಬಾಯಿಪಾಠವಾಗಿದೆ. ಪರಿಸರ ಮಾದರಿಗಳ ಸಂಗ್ರಹವನ್ನು ಮುಂದಿನ ಆದೇಶದವರೆಗೆ ಸ್ಥಗಿತಗೊಳಿಸಲಾಗಿದೆ. ಈವರೆಗಿನ ಫಲಿತಾಂಶಗಳನ್ನು ರೋಗಿಗಳಿಗಾಗಲಿ ಅವರ ಸಂಬಂಧಿಕರಿಗಾಗಲಿ ತಿಳಿಸತಕ್ಕದ್ದಲ್ಲ. ಜೊತೆಗೆ ವರದಿಯಲ್ಲಿ “ಸೋಂಕಿನ ಮೂಲ” ಎಂದಿದ್ದ ಕಡೆಯಲ್ಲೆಲ್ಲ “ಗಮನಾರ್ಹ ತೇವ ಪ್ರದೇಶ” ಎಂದು ತಿದ್ದಲು ಸೂಚನೆ. ಭಾಷೆಯ ಮೇಲೆ ತಮಗಿರುವ ಹಿಡಿತಕ್ಕೆ ತಲೆಬಾಗುತ್ತೇನೆ. ಬ್ಯಾಕ್ಟೀರಿಯಾಕ್ಕೆ ಮಾತ್ರ ಓದು ಬರಹ ಬಾರದು, ತಿದ್ದುಪಡಿ ಅದಕ್ಕೆ ತಲುಪಲಿಲ್ಲ. ಹುಡುಕದಿದ್ದರೆ ಸಿಗುವುದಿಲ್ಲ, ಸಿಗದಿದ್ದರೆ ಇಲ್ಲ: ಇದು ತಮ್ಮ ಸಮಿತಿಯ ಸಿದ್ಧಾಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ನಷ್ಟ ಹಾಲಿಗೆ ಮಾತ್ರ. ತಾವು ಕಣ್ಣು ಮುಚ್ಚಿದ್ದರ ನಷ್ಟ ಯಾರಿಗೆ ಎಂದು ಹೇಳುತ್ತೇನೆ, ಕೇಳಿ.

ನಾಲ್ಕು ತಿಂಗಳ ಹಿಂದೆ ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಕರುಳು ತಿರುಚಿಕೊಂಡು ಹೊಟ್ಟೆ ಕಲ್ಲಾಯಿತು. ಮೂವತ್ತು ವರ್ಷ ಪ್ಲಂಬರ್ ಕೆಲಸ ಮಾಡಿದ ಜೀವ. ಸದಾ ಕೈಯಲ್ಲಿ ಪಾನ ಹಿಡಿದಿರುವುದರಿಂದ ನಮ್ಮ ಮನೆ ಮಕ್ಕಳೆಲ್ಲ ಅವರನ್ನು ಕರೆಯುವುದೇ ಪಾನದ ಮಾವ ಅಂತ. ಹೊಸ ಬೀಗರು ಗಾಬರಿಯಾದಾಗಲೆಲ್ಲ ಅಕ್ಕ, ಅದು ನಟ್ಟು ತಿರುಗಿಸುವ ಪಾನ, ಬೇರೆ ಪಾನ ಅವರು ಮುಟ್ಟಿದವರಲ್ಲ ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು. ಹತ್ತಿರದ ದೊಡ್ಡ ಆಸ್ಪತ್ರೆ ನಮ್ಮದೇ. ನಾನೇ ಅಕ್ಕನಿಗೆ ಧೈರ್ಯ ಹೇಳಿ ಕರೆದುಕೊಂಡು ಬಂದೆ. ಆಪರೇಷನ್ ಚೆನ್ನಾಗಿ ಆಯಿತು. ಸರ್ಜನ್ನರ ಕೈಗುಣಕ್ಕೆ ಇವತ್ತೂ ಕೈ ಮುಗಿಯುತ್ತೇನೆ. ಹೊರಗೆ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಿದ್ದಾಗ ವಾರ್ಡಿನವರು ಬಂದು, ಐಸಿಯುವಿನಲ್ಲಿ ಹಾಸಿಗೆ ಸಿಕ್ಕಿದೆ, ನಾಲ್ಕನೇ ನಂಬರು ಎಂದರು. ಅಕ್ಕ ಸದ್ಯ ಎಂದು ನನ್ನ ಕೈ ಹಿಡಿದುಕೊಂಡಳು. ಈಗ ಬಂದೆ ಎಂದು ನಾನು ಕೈ ಬಿಡಿಸಿಕೊಂಡೆ.

ಒಳಗೆ ಹೋಗಿ ಐಸಿಯುವಿನ ಹಿರಿಯ ಸಿಸ್ಟರನ್ನು ಕಂಡೆ. ಅವರಿಗೂ ವರದಿ ಗೊತ್ತು, ಮಾದರಿ ತೆಗೆಯುವಾಗ ನನಗೆ ಜೊತೆಯಾಗಿದ್ದವರೇ ಅವರು. ಹಾಸಿಗೆ ಬದಲಿಸಿಕೊಡಿ ಎಂದು ಕೇಳಿದೆ. ಅವರು ಹಾಸಿಗೆಗಳ ಪಟ್ಟಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು.

“ಬೇರೆ ಯಾವ್ದೂ ಖಾಲಿ ಇಲ್ಲಮ್ಮ. ನಿಮ್ಮ ಭಾವನ್ನ ಎಬ್ಬಿಸಿದ್ರೆ ಅಲ್ಲಿಗೆ ಇನ್ಯಾರದೋ ಭಾವನ್ನ ಮಲಗಿಸ್ಬೇಕು. ಯಾರನ್ನ ಮಲಗಿಸ್ಲಿ, ನೀವೇ ಹೇಳಿ.”

ತಾವಾಗಿದ್ದರೆ ಏನು ಹೇಳುತ್ತಿದ್ದಿರಿ? ಇದು ಚುಚ್ಚುಮಾತಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುತ್ತಿದ್ದೇನೆ.

ಮರುದಿನ ಮಧ್ಯಾಹ್ನ ನೋಡಲು ಹೋದಾಗ ಭಾವನಿಗೆ ಪ್ರಜ್ಞೆ ಚೆನ್ನಾಗಿ ಬಂದಿತ್ತು. ಹೇಗಿದ್ದೀರಿ ಎಂದು ಕೇಳಿದರೆ ಅವರ ಕಣ್ಣು ನನ್ನ ಭುಜದಾಚೆ ಸಿಂಕಿನ ಮೇಲೆ ನೆಟ್ಟಿತ್ತು. ದನಿಯಿಲ್ಲದ ದನಿಯಲ್ಲಿ ಅಂದರು: “ಆ ನಲ್ಲಿ ಕೂರಿಸಿದೋನು ಯಾರಮ್ಮ? ನೀರು ನೆಟ್ಟಗೆ ತೂತಿನ ಮೇಲೇ ಬೀಳ್ತಿದೆ. ಒಳಗಿಂದ ಎಲ್ಲಾ ಎತ್ತಿ ಚಿಮ್ಮಿಸುತ್ತೆ. ನೋಡು, ತಿರುಗಿಸಿದಾಗೆಲ್ಲ ನನ್ನ ಕೈಗೆ ಹನಿ ಬೀಳುತ್ತೆ.”

ಮಾನ್ಯರೇ, ಡಾಕ್ಟರಮ್ಮ ಮತ್ತು ನಾನು ಆರು ತಿಂಗಳು ತಿಣುಕಿ ಕಂಡುಕೊಂಡಿದ್ದನ್ನು ಆ ಮನುಷ್ಯ ಹೊಟ್ಟೆಯಲ್ಲಿ ಹದಿನೆಂಟು ಹೊಲಿಗೆ ಇಟ್ಟುಕೊಂಡು ಮಲಗಿದ್ದಲ್ಲೇ ಕಂಡುಹಿಡಿದಿದ್ದರು. ಅವರ ಮುಂಗೈ ಮೇಲೆ ಡ್ರಿಪ್ಪಿನ ಸೂಜಿ ಇತ್ತು. ಸೂಜಿಯ ಪಕ್ಕದಲ್ಲಿ ಎರಡು ಹನಿ ಹೊಳೆಯುತ್ತಿದ್ದವು. ನಾನು ಹತ್ತಿಯಿಂದ ಒರೆಸಿದೆ.

ಆಮೇಲೆ ನಾನೂ ಹಿರಿಯ ಸಿಸ್ಟರೂ ಸೇರಿ ಒಂದು ಕೆಲಸ ಮಾಡಿದೆವು. ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಸಿಂಕಿಗೆ ಹೊದಿಸಿ, ಸುತ್ತಲೂ ಟೇಪು ಸುತ್ತಿ, “ಬಳಸಬೇಡಿ” ಎಂದು ಚೀಟಿ ಅಂಟಿಸಿದೆವು. ಸಿಸ್ಟರುಗಳು ಕೈ ತೊಳೆಯಲು ಹೊರಗಿನ ಓಣಿಯ ತುದಿಯವರೆಗೆ ಓಡಾಡಿದರು. ಒಬ್ಬರೂ ಗೊಣಗಲಿಲ್ಲ. ಆ ಹಾಳೆ ಎರಡು ದಿನ ಇತ್ತು. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಸಿಂಕು ತಳತಳ ಹೊಳೆಯುತ್ತಿತ್ತು. ಹಾಳೆ ಕಸದ ಬುಟ್ಟಿಯಲ್ಲಿತ್ತು. ಅವತ್ತು ಹೊರಗಿನಿಂದ ತಪಾಸಣಾ ತಂಡ ಬರುವುದಿತ್ತು, ಅಂಟಿಸಿದ್ದು ತೇಪೆ ಹಾಕಿದ್ದು ಯಾವುದೂ ಅವರ ಕಣ್ಣಿಗೆ ಬೀಳಬಾರದೆಂದು ತಮ್ಮ ಕಚೇರಿಯಿಂದ ಅಪ್ಪಣೆಯಾಗಿತ್ತು. ಹಿರಿಯ ಸಿಸ್ಟರು ವಾದಿಸಿ ನೋಡಿದರಂತೆ. ಬೇಕಾದರೆ ಲಿಖಿತವಾಗಿ ಕೊಡಿ, ಸಮಿತಿಯ ಮುಂದೆ ಇಡೋಣ ಎಂದರಂತೆ ತಮ್ಮ ಕಚೇರಿಯವರು. ತಂಡದವರು ಬಂದರು. ಅವರಲ್ಲೊಬ್ಬರು ಅದೇ ಸಿಂಕಿನಲ್ಲಿ ಕೈ ತೊಳೆದುಕೊಂಡರು. ಮೇಲುಗಡೆ ನಗುವ ನೀರಿನ ಹನಿಯ ಚಿತ್ರವಿರುವ ಫಲಕವನ್ನು ಮೆಚ್ಚಿಕೊಂಡು, ಕೈ ತೊಳೆಯುವ ಸೌಲಭ್ಯ ಅತ್ಯುತ್ತಮ ಎಂದು ಬರೆದು ಹೋದರು. ಕೈ ತೊಳೆದುಕೊಳ್ಳುವುದರಲ್ಲಿ ನಮ್ಮ ಆಸ್ಪತ್ರೆಯನ್ನು ಮೀರಿಸಿದವರಿಲ್ಲ ಎಂಬುದು ನನಗೂ ಗೊತ್ತು.

ಆರನೇ ದಿನ ಭಾವನಿಗೆ ಚಳಿ ಹತ್ತಿತು. ರಕ್ತದೊತ್ತಡ ಇಳಿಯಿತು. ರಕ್ತ ತೆಗೆದು ಕಲ್ಚರಿಗೆ ಕಳಿಸಿದರು. ಕಲ್ಚರಿಗೆ ಕಳಿಸಿದರು ಎಂದರೆ ನನ್ನ ಮೇಜಿಗೆ ಕಳಿಸಿದರು. ಬಾಟಲಿಯ ಮೇಲಿನ ಚೀಟಿಯಲ್ಲಿ ಭಾವನ ಹೆಸರು, ವಯಸ್ಸು, ಹಾಸಿಗೆ ನಂಬರು. ಬೇರೆಯವರಿಗೆ ಕೊಡಬಹುದಿತ್ತು, ಕೊಡಲಿಲ್ಲ. ಬೆಳೆದದ್ದನ್ನು ತಟ್ಟೆಗೆ ಹರಡಿ, ಹನ್ನೆರಡು ಬಿಲ್ಲೆ ಇಟ್ಟು, ಪೆಟ್ಟಿಗೆಗೆ ಸೇರಿಸಿದೆ. ಒಂದು ದಿನ ಕಾಯಬೇಕು, ಬೇರೆ ದಾರಿಯಿಲ್ಲ. ಆ ದಿನವೆಲ್ಲ ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತಿದ್ದೆ. ಏನಾಗಿದೆಯಂತೆ ಎಂದು ಅವಳು ಕೇಳುತ್ತಲೇ ಇದ್ದಳು. ರಿಪೋರ್ಟ್ ಬರಲಿ ಎಂದು ನಾನು ಹೇಳುತ್ತಲೇ ಇದ್ದೆ. ಮಾರನೆಯ ಬೆಳಿಗ್ಗೆ ಪೆಟ್ಟಿಗೆ ತೆರೆದು ತಟ್ಟೆಯನ್ನು ಬೆಳಕಿಗೆ ಹಿಡಿದೆ. ಹನ್ನೆರಡು ಬಿಲ್ಲೆ, ಒಂದಕ್ಕೂ ಉಂಗುರವಿಲ್ಲ. ಅಂಚಿನಿಂದ ಅಂಚಿಗೆ ಮಸುಕು ಬಿಳುಪು. ಈ ತಟ್ಟೆಯನ್ನು ನಾನು ಮೊದಲೇ ಐದು ಸಲ ನೋಡಿದ್ದೆ, ಸಿಂಕಿನ ಹತ್ತಿಕಡ್ಡಿಯಿಂದ ಬೆಳೆಸಿದಾಗ.

ವರದಿಯ ಹಾಳೆಯಲ್ಲಿ ಒಂದೊಂದು ಔಷಧದ ಮುಂದೆಯೂ “ಕೆಲಸ ಮಾಡುವುದಿಲ್ಲ” ಎಂದು ನಾನೇ ತುಂಬಿ, ಕೆಳಗೆ ನಾನೇ ಸಹಿ ಹಾಕಿದೆ. ಬೇರೆ ವಿಧದ ಪರೀಕ್ಷೆ ಮಾಡಿದಾಗ ಒಂದು ಹಳೆಯ ಔಷಧ ಉಳಿದಿರುವುದು ಗೊತ್ತಾಯಿತು. ಮೂತ್ರಪಿಂಡವನ್ನು ಕೆಡಿಸುತ್ತದೆಂದು ಒಂದು ಕಾಲದಲ್ಲಿ ಮೂಲೆಗೆ ಸರಿಸಿದ್ದ ಔಷಧವದು. ಅದನ್ನೇ ಕೊಟ್ಟರು, ಕೊಡದೆ ಗತ್ಯಂತರವಿರಲಿಲ್ಲ. ನಮ್ಮ ಫ್ರೀಜರಿನಲ್ಲಿ ಕಾಪಿಟ್ಟಿದ್ದ ಸಿಂಕಿನ ಬ್ಯಾಕ್ಟೀರಿಯಾವನ್ನೂ ಭಾವನ ರಕ್ತದ ಬ್ಯಾಕ್ಟೀರಿಯಾವನ್ನೂ ಡಾಕ್ಟರಮ್ಮ ಹೊರಗಿನ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಎರಡು ವಾರಕ್ಕೆ ಉತ್ತರ ಬಂತು: ಎರಡೂ ಒಂದೇ ವಂಶದ ಕುಡಿಗಳು. ಯಾವ ಹನಿ, ಯಾವ ಹೊತ್ತಿನಲ್ಲಿ, ಯಾವ ಸೂಜಿಯ ಮೂಲಕ ಎಂದು ತಾವು ಕೇಳಬಹುದು. ಅದು ನನಗೆ ಗೊತ್ತಿಲ್ಲ. ಹಾಳೆ ತೆಗೆದ ಮೂರನೇ ದಿನ ಜ್ವರ ಬಂತು ಎಂಬುದು ಗೊತ್ತು.

ಭಾವ ಉಳಿದರು. ಮೂವತ್ತೆಂಟು ದಿನದ ನಂತರ ಮನೆಗೆ ಹೋದರು. ಮೂತ್ರಪಿಂಡಗಳು ಉಳಿಯಲಿಲ್ಲ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಾಗಿಲ ಚಿಲಕ ಸರಿಸಲೂ ಎರಡು ಕೈ ಬೇಕು. ತಮ್ಮ ದಾಖಲೆಯಲ್ಲಿ ಅವರು “ಗುಣಮುಖರಾಗಿ ಬಿಡುಗಡೆ”. ಐದನೇ ಹಾಸಿಗೆಯಲ್ಲಿದ್ದ ಶಾಲೆಯ ಟೀಚರೊಬ್ಬರಿಗೆ ಅದೇ ವಾರ ಅದೇ ಬ್ಯಾಕ್ಟೀರಿಯಾ ತಗುಲಿತು, ಅವರು ಉಳಿಯಲಿಲ್ಲ. ಅವರ ಮರಣಪತ್ರದಲ್ಲಿ ಬಹು ಅಂಗಾಂಗ ವೈಫಲ್ಯ ಎಂದಿದೆ. ಅಂಗಾಂಗಗಳು ತಾವಾಗಿಯೇ ಬೇಸತ್ತು ರಾಜೀನಾಮೆ ಕೊಟ್ಟವು ಎಂಬಂತೆ.

ಭಾವ ಮನೆ ಸೇರಿದ ವಾರದಲ್ಲೇ ನಾನು ಅಕ್ಕನಿಗೆ ಎಲ್ಲ ಹೇಳಿದೆ. ಒಗೆದ ಬಟ್ಟೆ ಮಡಿಸುತ್ತಿದ್ದಳು. ವರದಿ, ಸುತ್ತೋಲೆ, ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ ಕೈ ನಿಲ್ಲಿಸದೆ ಕೇಳಿಸಿಕೊಂಡಳು. ಕೊನೆಗೆ ಕೇಳಿದಳು:

“ಅವರನ್ನ ಆ ಹಾಸಿಗೆಗೆ ಹಾಕಿದ ದಿನಾನೇ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕ. ಹೇಳಬಾರದು ಅಂತ ಆರ್ಡರ್ ಇತ್ತು.”

“ಏಳು ದಿನ ನನ್ನ ಪಕ್ಕದಲ್ಲೇ ಕೂತಿದ್ದೆ ಕಣೇ.”

ಅಷ್ಟೇ ಅಂದಳು. ಭಾವನ ಅಂಗಿಯನ್ನು ಮಡಿಸಿ ಬೀರುವಿನೊಳಗಿಟ್ಟು ಅಡುಗೆಮನೆಗೆ ಹೋದಳು. ಆಮೇಲೆ ನನ್ನೊಂದಿಗೆ ಮಾತಾಡಿಲ್ಲ. ಫೋನು ಮಾಡಿದರೆ ಭಾವನ ಕೈಗೆ ಕೊಡುತ್ತಾಳೆ. ಅವಳಿಗೆ ನನ್ನಲ್ಲಿ ಕೇಳುವುದೇನೂ ಉಳಿದಿಲ್ಲ. ನಾನು ನೌಕರಿಗೆ ಹೆದರಿದೆ ಎಂಬುದು ಸತ್ಯ, ಅದನ್ನು ಯಾವ ಶಬ್ದದಿಂದ ತಿದ್ದಿದರೂ ಬೇರೆಯಾಗುವುದಿಲ್ಲ.

ಭಾವ ಮಾತ್ರ ಸಿಟ್ಟಾಗಲಿಲ್ಲ. ಹೋದ ತಿಂಗಳು ಡಯಾಲಿಸಿಸ್ಸಿನ ಕುರ್ಚಿಯಲ್ಲಿ ಕೂತೇ ಒಂದು ನಕ್ಷೆ ಬರೆದುಕೊಟ್ಟರು. ನಲ್ಲಿಯನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಬೇಕು, ಕೆಳಗಿನ ಬಾಗಿದ ಕೊಳವೆಯನ್ನು ಕಿತ್ತು ಹೊಸದು ಹಾಕಬೇಕು, ಹಾಸಿಗೆಯ ಕಡೆಗೆ ಎದೆಯೆತ್ತರದ ಮರೆ ಕಟ್ಟಬೇಕು. ಒಬ್ಬ ಪ್ಲಂಬರಿಗೆ ಅರ್ಧ ದಿನದ ಕೆಲಸ ಎಂದರು. ಕೊಳವೆ ಬದಲಿಸಿದರೂ ಅದು ಮತ್ತೆ ಬಂದು ನೆಲೆಸಬಹುದು, ಅದಕ್ಕೇ ತಿಂಗಳು ತಿಂಗಳು ನೋಡುತ್ತಿರಬೇಕು ಎಂದು ನಾನು ಸೇರಿಸಿದೆ. ಹಾಗಾದ್ರೆ ನೀನು ನೋಡು, ನಾನು ರಿಪೇರಿ ಮಾಡ್ತೀನಿ ಎಂದು ನಕ್ಕರು. ನಕ್ಷೆಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ತಮ್ಮ ಸಮಿತಿ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಸಭೆ ಸೇರಿದೆ. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುವವರನ್ನು ಕಂಡಿದ್ದೇನೆ. ಕೋಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹಾವಿಗೆ ಗಮನಾರ್ಹ ಉದ್ದನೆಯ ವಸ್ತು ಎಂದು ಹೆಸರಿಡುವವರನ್ನು ಇಲ್ಲೇ ಕಂಡದ್ದು.

ಹೊಸ ಔಷಧಗಳು ಬರುತ್ತಿವೆ, ವಿಜ್ಞಾನ ಕೈಬಿಡುವುದಿಲ್ಲ ಎಂದು ತಾವು ಕಳೆದ ವಾರ್ಷಿಕ ಭಾಷಣದಲ್ಲಿ ಹೇಳಿದಿರಿ. ವಿಜ್ಞಾನ ತಮ್ಮ ಮೇಜಿನ ಮೇಲೇ ಇತ್ತಲ್ಲ, ಸ್ವಾಮಿ. ಹೊಸ ಔಷಧ ಹುಟ್ಟಿ ರೋಗಿಯ ಕೈಗೆ ಬರಲು ವರ್ಷಗಟ್ಟಲೆ ಬೇಕು. ಇರಲಿ ಎಂದು ಒಂದು, ಯಾವುದಕ್ಕೂ ಇರಲಿ ಎಂದು ಇನ್ನೊಂದು ಆಂಟಿಬಯಾಟಿಕ್ ಬರೆಯುವ ಅಭ್ಯಾಸ ನಮ್ಮ ವಾರ್ಡುಗಳಲ್ಲಿ ಹೀಗೇ ಮುಂದುವರಿದರೆ, ಬಂದ ಔಷಧವನ್ನು ಸೋಲಿಸಲು ಕೊಳವೆಯೊಳಗಿನ ಜೀವಿಗೆ ಹೆಚ್ಚು ಕಾಲ ಬೇಡ. ಅದು ಸಭೆ ಕರೆಯುವುದಿಲ್ಲ, ಸುತ್ತೋಲೆಗೆ ಕಾಯುವುದಿಲ್ಲ.

ಈಗ ತಪ್ಪೊಪ್ಪಿಗೆ. ಕಳೆದ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲರ ಎದುರು, ತಮ್ಮ ಆದೇಶವನ್ನು ಮೀರಿ ನಾನು ಆ ಸಿಂಕಿನಿಂದ ಮಾದರಿ ತೆಗೆದೆ. ಇವತ್ತು ಬೆಳಿಗ್ಗೆ ಪರೀಕ್ಷೆ ಪೂರ್ತಿಯಾಯಿತು. ಹನ್ನೆರಡು ಬಿಲ್ಲೆ, ಒಂದೂ ಉಂಗುರವಿಲ್ಲ. ನಾಲ್ಕನೇ ಹಾಸಿಗೆಯಲ್ಲಿ ಈಗ ಪಿತ್ತಕೋಶದ ಆಪರೇಷನ್ ಆದ ಒಬ್ಬ ತಾಯಿ ಇದ್ದಾರೆ. ಅವರ ಮಗಳು ಹೊರಗೆ ಅದೇ ಬೆಂಚಿನ ಮೇಲೆ ಕೂತಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಅವಳ ಪಕ್ಕ ಕೂತು, ಮೊದಲಿನಿಂದ ಕೊನೆಯವರೆಗೆ, ಒಂದು ಶಬ್ದವನ್ನೂ ತಿದ್ದದೆ ಹೇಳಿದೆ. ಅವಳು ಅಳಲಿಲ್ಲ. ಇದನ್ನ ಹೇಳಿದ್ದಕ್ಕೆ ನಿಮಗೆ ತೊಂದ್ರೆ ಆಗಲ್ವಾ ಎಂದು ಕೇಳಿದಳು. ಆಗುತ್ತೆ ಎಂದೆ. ಎದ್ದು ಒಳಗೆ ಹೋದಳು.

ಆದ್ದರಿಂದ ಕೇಳುತ್ತಿದ್ದೇನೆ. ಬೇಡುತ್ತಿಲ್ಲ. ಇವತ್ತೇ ಆ ಸಿಂಕಿನ ನೀರು ನಿಲ್ಲಿಸಿ. ಭಾವನ ನಕ್ಷೆಯನ್ನು ಯಾವ ಪ್ಲಂಬರಿಗಾದರೂ ಕೊಡಿ, ಔಷಧದ ಕಟ್ಟೆಯನ್ನು ಅಲ್ಲಿಂದ ತೆಗೆಸಿ. ಸಂಶೋಧನೆಯನ್ನು ಮತ್ತೆ ಶುರು ಮಾಡಲು ಡಾಕ್ಟರಮ್ಮನಿಗೆ ಅನುಮತಿ ಕೊಡಿ, ಮೂಲ ವರದಿಯನ್ನು ತಿದ್ದುಪಡಿಯಿಲ್ಲದೆ ಪ್ರಕಟಿಸಿ. ಆ ಹದಿನೇಳು ಜನರ ಮನೆಯವರಿಗೂ ಟೀಚರ ಮನೆಯವರಿಗೂ ನಡೆದದ್ದೇನೆಂದು ತಾವೇ ಹೋಗಿ ಹೇಳಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಅದಕ್ಕೂ ಅಡ್ಡಿಯಿಲ್ಲ, ಆದರೆ ಮೊದಲು ಸಿಂಕು.

ಬೇಗ ಬನ್ನಿ. ಭೇಟಿಯ ಸಮಯ ಮುಗಿದು ಎರಡು ಗಂಟೆಯಾಯಿತು. ಆ ಮಗಳು ಹೊರಗೆ ಬಂದಿಲ್ಲ. ಒಂದು ಸ್ಟೂಲು ಎಳೆದುಕೊಂಡು ಅಮ್ಮನ ಹಾಸಿಗೆಗೂ ಸಿಂಕಿಗೂ ನಡುವೆ, ನಲ್ಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ಯಾರನ್ನೂ ನಲ್ಲಿ ಮುಟ್ಟಲು ಬಿಡುತ್ತಿಲ್ಲ. ಅವಳನ್ನು ಎಬ್ಬಿಸಿ ಎಂದು ತಮ್ಮ ಕಚೇರಿಯಿಂದ ಎರಡು ಸಲ ಫೋನು ಬಂತಂತೆ. ಹಿರಿಯ ಸಿಸ್ಟರು ಎಬ್ಬಿಸಿಲ್ಲ.

ಇಂತಿ,
ಗೊತ್ತಿದ್ದೂ ಏಳು ದಿನ ಸುಮ್ಮನೆ ಕೂತಿದ್ದ,
ತಮ್ಮದೇ ಕಲ್ಚರ್ ಕೋಣೆಯ ಲ್ಯಾಬ್ ಟೆಕ್ನಿಷಿಯನ್
(ನಾಳೆಯೂ ಆಗಿರುವೆನೋ ಇಲ್ಲವೋ, ತಮಗೇ ಗೊತ್ತು)